ಅಗಳಿ ದಾರಿಯಲ್ಲೊಂದು ಕ್ರಿಯಾಲೋಪ

ರಾಯದುರ್ಗದಲ್ಲಿ ಬಸ್ಸಿಳಿದಾಗ ಬೆಳಗಿನ ಎಂಟೂವರೆ. ಬಳ್ಳಾರಿಯಿಂದ ಬರುವಾಗ ಡಿ. ಹಿರೇಹಾಳಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತ್ತು. ಬಳ್ಳಾರಿ ಕಡೆಗೆ ಕೂಲಿಗೆ ಹೊರಟವರು ಬುತ್ತಿಚೀಲ ಮಡಿಲಲ್ಲಿಟ್ಟುಕೊಂಡು ಆಟೋಗಳಲ್ಲಿ ಒತ್ತಿ ಕೂತು ಎದುರಿನಿಂದ ಬರುತ್ತಿದ್ದರು. ಮೋಡ ಕವಿದಿತ್ತು, ಗಾಳಿ ಜೋರಾಗಿತ್ತು, ಮಳೆ ಮಾತ್ರ ಇರಲಿಲ್ಲ.

ನಿಲ್ದಾಣದಲ್ಲಿ ನಾಗರತ್ನಮ್ಮ ಕಾದಿದ್ದರು. "ಬರ್ರಿ ಸರ್. ಮೊದ್ಲು ನಾಷ್ಟಾ ಮಾಡ್ರಿ, ಕಲ್ಯಾಣದುರ್ಗದ ಬಸ್ಸಿಗಿನ್ನೂ ಟೈಮ್ ಐತಿ" ಎಂದು ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡಿಸಿದರು. ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ.

ಇವರ ಪರಿಚಯವಾದದ್ದು ಹೀಗೆ. ನಾನು ದೆಹಲಿಯ ಸಂಸತ್ತಿನಲ್ಲಿ ಬಹಳ ವರ್ಷ ಕನ್ನಡದ ಭಾಷಾಂತರಕಾರನಾಗಿದ್ದೆ. ಗಾಜಿನ ಕೋಣೆಯಲ್ಲಿ ಕೂತು, ಸದಸ್ಯರು ಆಡಿದ್ದನ್ನು ಆಡಿದ ಕೂಡಲೇ ಮತ್ತೊಂದು ಭಾಷೆಗೆ ತಿರುಗಿಸುವ ಕೆಲಸ. ನಿವೃತ್ತಿಯಾದ ಮೇಲೆ ಬಳ್ಳಾರಿಯ ಒಂದು ಗ್ರಂಥಾಲಯದಲ್ಲಿ ಸದನದ ನಡಾವಳಿಯ ಬಗ್ಗೆ ಮಾತನಾಡಿದ್ದೆ. ಕೇಳಲು ಬಂದವರು ಹದಿನೈದು ಜನ. ಅವರಲ್ಲಿ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಈ ನಾಗರತ್ನಮ್ಮನೂ ಇದ್ದರು. ಅಧಿವೇಶನ ನಡೆಯುವ ದಿನಗಳಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮಷಿನ್ ತುಳಿಯುತ್ತಲೇ ಕಲಾಪ ಕೇಳುತ್ತಾರಂತೆ. ಸಿನಿಮಾ ಹಾಡು ಕೇಳಿದರೆ ಹೊಲಿಗೆ ಸೊಟ್ಟಗಾಗುತ್ತದಂತೆ, ಇದಕ್ಕಾದರೆ ಆಗುವುದಿಲ್ಲವಂತೆ. ಆವತ್ತು ಅವರು ಕೇಳಿದ್ದು ಒಂದೇ ಪ್ರಶ್ನೆ: "ಕ್ರಿಯಾಲೋಪ, ಅದೇ ಪಾಯಿಂಟ್ ಆಫ್ ಆರ್ಡರ್, ಅಂತ ಎದ್ದು ನಿಂತ್ರೆ, ಎಷ್ಟು ದೊಡ್ಡೋರು ಮಾತಾಡ್ತಿದ್ರೂ ಕುಂದರಬೇಕಲ್ರಿ? ಅದು ಮನ್ಯಾಗೂ ನಡೀತದೇನ್ರಿ?"

ನಡೆಯುತ್ತದೋ ಇಲ್ಲವೋ ನನಗೆ ತಿಳಿದಿರಲಿಲ್ಲ. ಎರಡು ತಿಂಗಳ ನಂತರ ಅವರೇ ಫೋನ್ ಮಾಡಿದರು. ಮಡಕಶಿರಾ ಕಡೆಯ ತವರಿನಲ್ಲಿ ಮನೆಯವರೆಲ್ಲ ಸೇರಿ ಒಂದು ವಿಷಯ ತೀರ್ಮಾನಿಸಬೇಕಿದೆ, ನೀವು ಬಂದು ಅಧ್ಯಕ್ಷರಾಗಿ ಕೂರಬೇಕು ಎಂದರು. ಕುತೂಹಲ ತಡೆಯಲಾಗದೆ ಒಪ್ಪಿಕೊಂಡಿದ್ದೆ.

ಕಲ್ಯಾಣದುರ್ಗದವರೆಗೆ ನನ್ನ ಟಿಕೆಟ್ಟಿಗೆ ಅರವತ್ತು ರೂಪಾಯಿ. ಆಂಧ್ರದಲ್ಲೂ ಈಗ ಹೆಂಗಸರಿಗೆ ಬಸ್ಸು ಉಚಿತ, ನಾಗರತ್ನಮ್ಮ ಆಧಾರ್ ಕಾರ್ಡು ತೋರಿಸಿ ಸೊನ್ನೆ ದರದ ಟಿಕೆಟ್ ಪಡೆದರು. ಎಡಗಡೆ ದೂರದಲ್ಲಿ, ಬೆಳುಗುಪ್ಪದ ಕಡೆ, ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಬಳ್ಳಿಗಳನ್ನು ಗುಡ್ಡೆ ಹಾಕಿದ್ದರು. ದಾರಿಯಲ್ಲಿ ಅವರು ವಿಷಯ ಬಿಡಿಸಿ ಹೇಳಿದರು.

ತವರಿನಲ್ಲಿ ದೊಡ್ಡಣ್ಣ ಹನುಮಂತರಾಯಪ್ಪನದೇ ಯಜಮಾನಿಕೆ. ಎರಡನೆಯವನು ತಿಪ್ಪೇಶ, ಗ್ರಾಮ ಸಚಿವಾಲಯದಲ್ಲಿ, ಅಂದರೆ ಊರಿನ ಸರ್ಕಾರಿ ಕಚೇರಿಯಲ್ಲಿ, ಗುಮಾಸ್ತ. ಮೂರನೆಯ ಅಣ್ಣ ತೀರಿಕೊಂಡು ಆರು ವರ್ಷ. ಅವನ ಹೆಂಡತಿ ಶಾರದಮ್ಮನಿಗೆ ಮಕ್ಕಳಿಲ್ಲ. ಮನೆಯ ರೇಷ್ಮೆ ಹುಳು ಸಾಕುವುದೆಲ್ಲ ಆಕೆಯೇ. ಈಗ ದೊಡ್ಡಣ್ಣ ಹಿಪ್ಪುನೇರಳೆ ತೋಟ ಕಿತ್ತು ದಾಳಿಂಬೆ ಹಾಕಬೇಕೆಂದಿದ್ದಾನೆ.

"ಮೂರು ಸಲ ಕುಂತು ಮಾತಾಡ್ಯಾರ್ರಿ. ಮೂರು ಸಲಾನೂ ಅತ್ತಿಗಿ ಬಾಯಿ ತೆರೆಯೋದ್ರಾಗ ಒಬ್ರು ಟೀ ಅಂತಾರ, ಇನ್ನೊಬ್ರು ಬ್ಯಾರೆ ಮಾತು ತೆಗೀತಾರ. ಅಣ್ಣ ಎದ್ದು ಟವಲ್ಲು ಜಾಡಿಸಿದ್ನೆಂದ್ರ ಸಭೆ ಮುಗೀತು."

"ನಿಮ್ಮಣ್ಣ ನನ್ನನ್ನು ಯಾಕೆ ಒಪ್ಪಿದರು?"

"ಡೆಲ್ಲಿಯಿಂದ ಬಂದೋರು ಯಜಮಾನನ ಪರ ಇರ್ತಾರ ಅಂದ್ಕೊಂಡಾನ್ರಿ" ಎಂದು ನಕ್ಕರು.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರಾ ತಲುಪುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು. ಅಗಳಿ ದಾರಿಯ ಆಟೋ ಹತ್ತುತ್ತಲೇ ನಾಗರತ್ನಮ್ಮನ ಭಾಷೆ ಬದಲಾಯಿತು. ಅಲ್ಲಿಯವರೆಗೆ "ಹೌದ್ರಿ" ಎನ್ನುತ್ತಿದ್ದವರು ಚಾಲಕನಿಗೆ "ಅಲ್ಲೇ ಅಳ್ಳಿಮರದತ್ರ ನಿಲ್ಸಣ್ಣ" ಎಂದರು. ನನ್ನ ಕಡೆ ತಿರುಗಿದರೆ ಮತ್ತೆ "ಇಳೀರಿ ಸರ್". ನಡುವೆ ಒಂದು ಕ್ಷಣವೂ ತಡವರಿಸಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಹನುಮಂತರಾಯಪ್ಪ ಅರವತ್ತು ದಾಟಿದ, ಅಗಲ ಭುಜದ ಮನುಷ್ಯ. "ಬನ್ನಿ ಸ್ವಾಮಿ, ಕುಂತ್ಕಳಿ. ನಮ್ಮ ನಾಗ ಡೆಲ್ಲಿ ರೂಲ್ಸು ತಂದವ್ಳೆ, ನೋಡಾನ" ಎಂದು ನಗುತ್ತ ಬರಮಾಡಿಕೊಂಡರು. ಮುದ್ದೆ, ಅವರೆಕಾಳಿನ ಸಾರು. ಬಡಿಸಿದವರು ಅವರ ಹೆಂಡತಿ ಲಕ್ಷ್ಮೀದೇವಮ್ಮ. ಶಾರದಮ್ಮ ಹುಳುವಿನ ಮನೆಯಲ್ಲಿದ್ದರು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದ ಹುಳುಗಳಿಗೆ ಸೊಪ್ಪು ಸಾಲುತ್ತಿಲ್ಲವಂತೆ. ಕೈ ತೊಳೆದುಕೊಂಡು ಬಂದು ಕಂಬದ ಪಕ್ಕ ಕೂತರು. ನಲವತ್ತರ ಹೆಂಗಸು, ತಲೆ ಎತ್ತಲಿಲ್ಲ.

ನಾಲ್ಕು ಗಂಟೆಗೆ ಪಡಸಾಲೆಯಲ್ಲಿ ಸಭೆ ಶುರುವಾಯಿತು. ನಾನು ಕಾಗದದಲ್ಲಿ ವಿಷಯ ಬರೆದು ಓದಿದೆ: "ಮೂಡಲ ಹೊಲದ ಹಿಪ್ಪುನೇರಳೆ ತೋಟ ಕೀಳಬೇಕೇ, ಬೇಡವೇ." ನಿಯಮಗಳನ್ನು ಹೇಳಿದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಮಾತು ನನ್ನನ್ನು ನೋಡಿ ಆಡಬೇಕು. ನಿಯಮ ಮುರಿದರೆ ಯಾರು ಬೇಕಾದರೂ ಕ್ರಿಯಾಲೋಪ ಎನ್ನಬಹುದು, ಆದರೆ ಅದು ನಿಯಮದ ಬಗ್ಗೆ ಮಾತ್ರ ಇರಬೇಕು. ನಾನು ಹೇಳಿದ್ದೇ ಕೊನೆ.

ಹನುಮಂತರಾಯಪ್ಪ ಮೊದಲು ಮಾತಾಡಿದರು. ದಾಳಿಂಬೆ, ಹನಿ ನೀರು, ಆಳುಗಳ ತಾಪತ್ರಯ. ಹೇಳಿದ್ದರಲ್ಲಿ ಹುರುಳಿತ್ತು. ಆಮೇಲೆ ಶಾರದಮ್ಮನ ಸರದಿ. "ನಾನು ಏನಂತೀನಿ ಅಂದ್ರೆ..." ಎನ್ನುವಷ್ಟರಲ್ಲಿ ತಿಪ್ಪೇಶ, "ಅದಿರ್ಲಿ, ಪಂಚಾಯ್ತಿ ಬೋರಿನ ವಿಷಯ ಮೊದ್ಲು ಮಾತಾಡಾನ" ಎಂದ.

"ಕ್ರಿಯಾಲೋಪ!" ನಾಗರತ್ನಮ್ಮ ಎದ್ದೇ ನಿಂತಿದ್ದರು. "ಮುನ್ನೂರ ಎಪ್ಪತ್ತಾರು!"

ಅದು ಲೋಕಸಭೆಯಲ್ಲಿ ಕ್ರಿಯಾಲೋಪದ ನಿಯಮದ ಸಂಖ್ಯೆ. ನನಗೆ ನಗು ಬಂತು, ತಡೆದುಕೊಂಡೆ. "ಎತ್ತಿಹಿಡಿದಿದ್ದೇನೆ. ತಿಪ್ಪೇಶಪ್ಪ, ಕೂತ್ಕೊಳ್ಳಿ" ಎಂದೆ. ಅವನು ಕಕ್ಕಾಬಿಕ್ಕಿಯಾಗಿ ಕೂತ.

ಶಾರದಮ್ಮ ಮತ್ತೆ ಶುರುಮಾಡಿದರು. ತೋಟದಲ್ಲಿ ಆಳಿನ ತಾಪತ್ರಯ ಇಲ್ಲವೇ ಇಲ್ಲ, ಸೊಪ್ಪು ಕೊಯ್ಯುವವಳು ತಾನೊಬ್ಬಳೇ ಎಂದರು. ಹನುಮಂತರಾಯಪ್ಪ ತನ್ನ ಸರದಿ ಕೇಳಿಕೊಂಡು, "ಒಬ್ಳೇ ಎಷ್ಟು ದಿನ ಅಂತ ಮಾಡ್ತಾಳೆ ಸ್ವಾಮಿ" ಎಂದರು. ನಾಗರತ್ನಮ್ಮ ಮತ್ತೆ ಎದ್ದರು: "ಕ್ರಿಯಾಲೋಪ! ಆರು ವರ್ಷ ಒಬ್ಳೇ ಮಾಡಿಲ್ವಾ?"

"ಅದು ಕ್ರಿಯಾಲೋಪ ಅಲ್ಲಮ್ಮ, ಉತ್ತರ. ನಿಮ್ಮ ಸರದಿ ಬಂದಾಗ ಹೇಳಿ. ತಿರಸ್ಕರಿಸಿದ್ದೇನೆ."

ಅವರ ಮುಖ ಕೆಂಪಾಯಿತು. ಮಿರ್ಚಿ ತಿನ್ನಿಸಿ ತಾವು ಕರೆತಂದ ಮನುಷ್ಯ ಹೀಗೆ ಮಾಡಬಹುದೇ ಎನ್ನುವಂತೆ ನೋಡಿದರು. ಹನುಮಂತರಾಯಪ್ಪ ಮೊದಲ ಬಾರಿಗೆ ನನ್ನತ್ತ ಪೂರ್ತಿ ತಿರುಗಿ ಕೂತರು.

ಸ್ವಲ್ಪ ಹೊತ್ತಿಗೆ ಅವರು ಟವಲ್ಲಿಗೆ ಕೈ ಹಾಕಿದರು. "ಎಲ್ಲಾರೂ ಆಡಿದ್ದಾಯ್ತು, ಮುಗ್ಸಿಬಿಡಾನ." ತಿಪ್ಪೇಶ ಕಚೇರಿಯ ತೆಲುಗು ಬೆರೆಸಿ, "ತೀರ್ಮಾನಂ ಪಾಸಾಯ್ತು ಅಂತ ಬರ್ಕೊಳ್ಳಿ ಸರ್" ಎಂದ. ಚರ್ಚೆ ಮುಗಿಸಬೇಕೆಂಬ ಸೂಚನೆ ಸದನದಲ್ಲೂ ಇದೆ, ಆದರೆ ಆಡಬೇಕಾದವರು ಇನ್ನೂ ಇದ್ದರೆ ಅಧ್ಯಕ್ಷರು ಅದನ್ನು ಒಪ್ಪಬೇಕಿಲ್ಲ ಎಂದು ವಿವರಿಸಿದೆ. ಶಾರದಮ್ಮ ಹೇಳಬೇಕಾದ್ದು ಬಾಕಿ ಇದೆಯೇ ಎಂದು ಕೇಳಿದೆ.

ಆಕೆ ಸೆರಗಿನ ತುದಿ ಬಿಟ್ಟು ನನ್ನನ್ನು ನೋಡಿದರು. "ಬೆಳಿಗ್ಗೆ ಎದ್ದು ತೋಟಕ್ಕೆ ಹೋಗ್ತೀನಿ ಸ್ವಾಮಿ. ಸೊಪ್ಪು ತರ್ತೀನಿ, ಹುಳ ನೋಡ್ತೀನಿ. ಯಾರಾದ್ರೂ ಬಂದು ಕೇಳಿದ್ರೆ, ಶಾರದಮ್ಮ ಹುಳದ ಮನೇಲವ್ಳೆ ಅಂತಾರೆ. ತೋಟ ಕಿತ್ರೆ, ನಾನು ಈ ಮನೇಲಿ ಏನಂತ ಇರ್ಲಿ?"

ಆಗ ಹನುಮಂತರಾಯಪ್ಪ ನಿಧಾನವಾಗಿ ಎದ್ದು ನಿಂತರು. "ಕ್ರಿಯಾಲೋಪ ಸ್ವಾಮಿ. ನೀವು ಬರೆದಿದ್ದು ತೋಟದ ವಿಷಯ. ಅವ್ಳು ಕೇಳ್ತಿರೋದು ಬೇರೆ."

ನನಗೆ ಕಸಿವಿಸಿಯಾಯಿತು. ಆತ ಹೇಳಿದ್ದು ನಿಯಮದ ಪ್ರಕಾರ ಸರಿ. ಗಾಜಿನ ಕೋಣೆಯಲ್ಲಿ ಇಂಥ ಎಷ್ಟೋ ತೀರ್ಪುಗಳನ್ನು ಸಲೀಸಾಗಿ ಭಾಷಾಂತರಿಸಿದ್ದೆ. ಅದರ ಪೆಟ್ಟು ತಿನ್ನುವವರು ಇಷ್ಟು ಹತ್ತಿರ ಕೂತಿರುತ್ತಿರಲಿಲ್ಲ. "ಎತ್ತಿಹಿಡಿದಿದ್ದೇನೆ" ಎಂದೆ. ನಾಗರತ್ನಮ್ಮ ತಲೆ ತಗ್ಗಿಸಿದರು. "ಆದರೆ ಆ ವಿಷಯವನ್ನು ಬೇರೆಯಾಗಿ ತರಬಹುದು."

"ಹಂಗಾದ್ರೆ ಅದನ್ನ ಬೇರೆ ಬರ್ಕೊಳ್ಳಿ" ಎಂದರು ಶಾರದಮ್ಮ. "ಅದನ್ನೇ ಮೊದ್ಲು ತಗಳ್ಳಿ."

ಯಾವುದು ಮೊದಲು ಎಂಬುದನ್ನು ಸಭೆಯೇ ಹೇಳಬೇಕು. ಕೈ ಎತ್ತಲು ಹೇಳಿದೆ. ಶಾರದಮ್ಮ, ನಾಗರತ್ನಮ್ಮ ಎತ್ತಿದರು. ಅಡುಗೆಮನೆ ಬಾಗಿಲಿಂದ ಲಕ್ಷ್ಮೀದೇವಮ್ಮ ಕೇಳಿದರು: "ನಾನೂ ಎತ್ಬೋದಾ?"

"ನೀನ್ಯಾಕೆ?" ಎಂದರು ಗಂಡ.

"ಅವರೂ ಈ ಮನೆಯವರೇ ಅಲ್ಲವೇ?" ಎಂದು ಕೇಳಿದೆ. ಆಕೆ ಒದ್ದೆ ಕೈಯನ್ನೇ ಎತ್ತಿದರು. ವಿರುದ್ಧ ಒಂದೇ ಕೈ. ತಿಪ್ಪೇಶ ಮೊಬೈಲು ನೋಡುತ್ತ ಯಾವ ಕಡೆಗೂ ಎತ್ತಲಿಲ್ಲ.

"ಅವ್ಳನ್ನ ಕಳಿಸ್ತೀನಿ ಅಂತ ಯಾರಾದ್ರೂ ಅಂದ್ರಾ?" ಹನುಮಂತರಾಯಪ್ಪನ ದನಿ ಏರಿತ್ತು.

"ಯಾರೂ ಅನ್ಲಿಲ್ಲ ಭಾವ" ಎಂದರು ಶಾರದಮ್ಮ. ನನ್ನನ್ನು ನೋಡಿ ಮಾತಾಡಬೇಕೆಂಬುದು ಆಕೆಗೆ ಮರೆತುಹೋಗಿತ್ತು, ನಾನೂ ನೆನಪಿಸಲಿಲ್ಲ. "ಇರು ಅಂತಾನೂ ಯಾರೂ ಅನ್ಲಿಲ್ಲ."

ಹನುಮಂತರಾಯಪ್ಪ ಗೋಡೆಯ ಮೇಲಿನ ತಮ್ಮನ ಫೋಟೋ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಬರ್ಕೊಳ್ಳಿ ಸ್ವಾಮಿ. ಇದು ಅವ್ಳ ಮನೆ. ತೋಟ ಇದ್ರೂನೂ, ಇಲ್ದಿದ್ರೂನೂ" ಎಂದರು. ಬರೆದೆ. ಓದಿ ಹೇಳಿದೆ. ಎಲ್ಲರ ಕೈಗಳೂ ಮೇಲೆದ್ದವು, ಈ ಸಲ ತಿಪ್ಪೇಶನದೂ. ಶಾರದಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಸೊಪ್ಪು ಹಾಕುವ ಹೊತ್ತಾಯಿತೆಂದು ಎದ್ದುಹೋದರು.

ತೋಟದ ವಿಷಯ ಅಂದು ತೀರ್ಮಾನವಾಗಲಿಲ್ಲ. ಈ ಬೆಳೆಯ ಹುಳು ಗೂಡು ಕಟ್ಟಲಿ, ಆಮೇಲೆ ಕೂರೋಣ ಎಂದು ಹನುಮಂತರಾಯಪ್ಪನೇ ಸೂಚಿಸಿದರು. ಸಭೆ ಮುಂದಕ್ಕೆ ಹೋಯಿತು. ನಾಗರತ್ನಮ್ಮ ಮಾತ್ರ ಊಟದ ತನಕ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ತುಪ್ಪ ಬಡಿಸುತ್ತ, "ಆ ಎರಡನೇದು ಕ್ರಿಯಾಲೋಪ ಆಗ್ತಿರ್ಲಿಲ್ಲ ಬಿಡ್ರಿ" ಎಂದು ತಾವೇ ಒಪ್ಪಿಕೊಂಡರು. ಅವರು ಎರಡು ದಿನ ತವರಿನಲ್ಲೇ ಉಳಿಯುವವರಿದ್ದರು.

ಬೆಳಿಗ್ಗೆ ನನ್ನನ್ನು ಆಟೋ ಹತ್ತಿಸಲು ಹನುಮಂತರಾಯಪ್ಪ ರಸ್ತೆಯವರೆಗೆ ಬಂದರು. ಮಡಕಶಿರಾಕ್ಕೆ ಮೂವತ್ತು ರೂಪಾಯಿ ಎಂದ ಚಾಲಕ. ಆಟೋ ತುಂಬುವವರೆಗೆ ಕಾಯಬೇಕಿತ್ತು.

"ಸ್ವಾಮಿ, ಅಲ್ಲಿ ಡೆಲ್ಲೀಲಿ ಸೋತೋರು ಮಾರನೇ ದಿನ ಏನ್ಮಾಡ್ತಾರೆ?"

"ಮತ್ತೆ ಬಂದು ಅದೇ ಜಾಗದಲ್ಲಿ ಕೂರ್ತಾರೆ."

"ಒಬ್ಬರ ಮುಖ ಒಬ್ರು ನೋಡ್ಕೊಂಡು?"

"ನೋಡ್ಕೊಂಡೇ."

ಆಟೋ ಹೊರಟಿತು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವರು ಮನೆಯ ದಾರಿ ಹಿಡಿದಿರಲಿಲ್ಲ. ಮೂಡಲ ಹೊಲದ ಬದುವಿನ ಮೇಲೆ ಪಂಚೆ ಎತ್ತಿಕಟ್ಟಿಕೊಂಡು, ಸೊಪ್ಪು ಕೊಯ್ಯುತ್ತಿದ್ದ ಶಾರದಮ್ಮನ ಕಡೆಗೆ ನಡೆಯುತ್ತಿದ್ದರು.