ನೀರು ಇಳಿದ ಹಾಗೆ ಇಳಿದು ಬಂದವರು

ಮೇಜಿನ ಖಾನೆ ಎಳೆದಾಗ ಒಣಮೀನಿನ ವಾಸನೆ ಬಂತು. ನಮ್ಮದು ಮೀನು ತಿನ್ನದ ಮನೆ. ಹುಡುಕಿದರೆ ಪ್ಲಾಸ್ಟಿಕ್ ಚೀಲದೊಳಗೆ ದಾರಿ ತೋರಿಸುವ ಹಳೆಯ ಜಿಪಿಎಸ್ ಯಂತ್ರ. ನೀರು ತಾಗದಿರಲಿ ಎಂದು ಆ ಚೀಲ ಕೊಟ್ಟವರು ದೋಣಿಯಣ್ಣ.

ಭದ್ರಾ ಹಿನ್ನೀರಿನ ಆಚೆ ದಡದ ಶಾಲೆಯಲ್ಲಿ ಆಗ ನಾನು ಟೀಚರ್. ದೋಣಿಯಣ್ಣನ ಮನೆಯೂ ಆಚೆ ದಡದಲ್ಲೇ. ಬೆಳಿಗ್ಗೆ ನಾನಿದ್ದ ಈಚೆ ದಡಕ್ಕೆ ಬಂದು ಮುತ್ತಿನಕೊಪ್ಪದ ಕಡೆ ಮೀನು ಕೊಟ್ಟು ಹಿಂದಿರುಗುವಾಗ ತಮ್ಮ ಸಣ್ಣ ದೋಣಿಯಲ್ಲಿ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಚಳಿಗಾಲದ ಮಂಜಿನಲ್ಲಿ ದೋಣಿಯ ಮೂತಿಯೇ ಕಾಣುತ್ತಿರಲಿಲ್ಲ. ಆಗ ಅವರ ಹೆಂಡತಿ, ನನಗೆ ಅತ್ತಿಗೆ, ಆಚೆ ದಡದಲ್ಲಿ ನಿಂತು ಹಿತ್ತಾಳೆ ತಟ್ಟೆಗೆ ಸೌಟಿನಿಂದ ಬಡಿಯುತ್ತಿದ್ದರು. ಆ ಸದ್ದು ಹಿಡಿದು ಅಣ್ಣ ಹುಟ್ಟು ಹಾಕುತ್ತಿದ್ದರು...

ಒಂದು ಮಳೆಗಾಲ ಅತ್ತಿಗೆ ಜ್ವರ ಬಂದು ತೀರಿಕೊಂಡರು. ಮಂಜು ಶುರುವಾದಾಗ ಅಣ್ಣ, ಇನ್ನು ದೋಣಿ ಬೇಡ ಎಂದರು. ದೋಣಿ ನಿಂತರೆ ಅವರ ಹೊಟ್ಟೆಪಾಡೂ ನಿಂತಂತೆ, ನನ್ನ ಶಾಲೆಯೂ. ಚಾರಣದ ಹುಚ್ಚಿನ ನನ್ನ ತಮ್ಮನಿಂದ ಈ ಜಿಪಿಎಸ್ ಕಸಿದು ತಂದೆ. ಅತ್ತಿಗೆ ನಿಲ್ಲುತ್ತಿದ್ದ ಜಾಗವನ್ನೇ ಗುರುತು ಹಾಕಿ, ಇಂಗ್ಲಿಷ್ ಅಕ್ಷರಗಳಲ್ಲಿ 'ಅತ್ತಿಗೆ' ಎಂದು ಹೆಸರಿಟ್ಟೆ. ಹತ್ತಿರ ಬಂದರೆ ಬೀಪ್ ಎನ್ನುತ್ತದೆ ಎಂದು ಜಂಬದಿಂದ ಪಾಠ ಮಾಡಿದೆ.

"ತಟ್ಟೆ ಬಡಿದ ಹಾಗೇನಾ, ಟೀಚರೇ?" ಎಂದು ಕೇಳಿದ್ದರು.

ಎರಡು ತಿಂಗಳು ದಾರಿ ತಪ್ಪಲಿಲ್ಲ. ನಾನು ಬೀಗಿದ್ದೇ ಬೀಗಿದ್ದು. ಒಂದು ಬೆಳಿಗ್ಗೆ ಬೀಪ್ ಬರುವ ಮೊದಲೇ ದೋಣಿ ಕೆಸರಿಗೆ ಸಿಕ್ಕಿಕೊಂಡಿತು. ಇನ್ನೂ ನೂರು ಮೀಟರ್ ಇದೆ ಎನ್ನುತ್ತಿತ್ತು ಯಂತ್ರ. ಅಣೆಕಟ್ಟೆಯ ನೀರು ಇಳಿದು ದಡವೇ ಮುಂದೆ ಬಂದಿತ್ತು. ಮಕ್ಕಳಿಗೆ ಪಾಠ ಹೇಳುವ ನನಗೆ ಇಷ್ಟು ಹೊಳೆದಿರಲಿಲ್ಲ. ನಾಚಿಕೆಯಾಯಿತು.

"ನಿಮ್ಮ ಮಿಷನ್ನಿನ ತಪ್ಪಲ್ಲ ಬಿಡಿ," ಎಂದರು ಅಣ್ಣ. "ನೀರು ಇಳಿದ ಹಾಗೆ ಅವಳೂ ಕೆಸರು ತುಳ್ಕೊಂಡು ಇಳಿದು ಬರ್ತಿದ್ಲು." ಹುಟ್ಟನ್ನು ಕೆಸರಿಗೆ ಊರಿ ನೋಡಿದರು. ಆಮೇಲೆ, "ಇಷ್ಟು ದೂರ ಬರ್ತಿದ್ಲು ಅಂತ ನಂಗೂ ಇವತ್ತೇ ಗೊತ್ತಾಗಿದ್ದು," ಎಂದರು.

ಅಲ್ಲಿಂದ ಮುಂದೆ ವಾರಕ್ಕೊಮ್ಮೆ ನೀರಿನಂಚಿಗೆ ಗುರುತು ಬದಲಿಸಿದೆವು. ಹೆಸರು ಬದಲಿಸಲಿಲ್ಲ. ನನಗೆ ಕೊಪ್ಪ ಪೇಟೆಗೆ ವರ್ಗವಾಗುವವರೆಗೂ ದೋಣಿ ನಡೆಯಿತು. ಹೊರಡುವ ದಿನ ಯಂತ್ರವನ್ನು ಇಟ್ಟುಕೊಳ್ಳಿ ಎಂದರೆ ಅಣ್ಣ ಕೇಳಲಿಲ್ಲ. ಎರಡು ವರ್ಷದ ಮೇಲೆ ಅವರೂ ಹೋದರಂತೆ... ನನಗೆ ಸುದ್ದಿ ತಿಳಿದದ್ದು ತಡವಾಗಿ.

ಇವತ್ತು ಹೊಸ ಬ್ಯಾಟರಿ ಹಾಕಿದೆ. ಪರದೆ ಬೆಳಗಿತು. 'ಅತ್ತಿಗೆ' ಇದ್ದಾರೆ, ಬಾಣ ಆ ಕಡೆಗೇ ತಿರುಗಿದೆ. ಗುರುತುಗಳ ಪಟ್ಟಿಯಲ್ಲಿ ಅಣ್ಣನ ಹೆಸರಿಗಾಗಿ ಮೇಲಿಂದ ಕೆಳಗೆ ಹುಡುಕಿದೆ. ನಾನು ಹಾಕಿರಲೇ ಇಲ್ಲ.