ಮಸಿ ತೊಳೆಯಲು ಹೊಡೆದ ನೀರು

ನಮ್ಮ ಮಾಲಿ ಕಾಕಾ ಅವರ ಬಲಗೈ ತೋರುಬೆರಳು ಎರಡನೆಯ ಗೆಣ್ಣಿನವರೆಗೆ ಯಾವಾಗಲೂ ಕಪ್ಪು. ಗಿಡದ ಬುಡಕ್ಕೆ ಆ ಬೆರಳು ಚುಚ್ಚಿ ನೋಡದೆ ಅವರು ಹನಿ ನೀರು ಬಿಡುತ್ತಿರಲಿಲ್ಲ. ಥಂಡಿ ಬಿತ್ತೆಂದರೆ ಅದೂ ಎಂಟು ದಿನಕ್ಕೊಮ್ಮೆ, ಬಿಸಿಲೇರಿದ ಮೇಲೆ. ಮನುಷ್ಯರೊಂದಿಗೆ ಮಾತು ಕಡಿಮೆ, ಗಿಡಗಳ ಜೊತೆ ಹರಟೆ. ಗುಲಾಬಿಯ ಹತ್ತಿರ ಮಾತ್ರ ಮರಾಠಿ. ಯಾಕೆಂದು ಕೇಳಿದರೆ, "ಮಿರಜದಿಂದ ತಂದದ್ದರಿ ಇದು, ಕನ್ನಡ ತಿಳಿಯೂದಿಲ್ಲ ಇದಕ" ಅನ್ನುತ್ತಿದ್ದರು.

ನಮ್ಮದು ಸಕ್ಕರೆ ಕಾರ್ಖಾನೆಯ ಕಾಲೊನಿ. ಚಳಿಗಾಲವೆಂದರೆ ಕಬ್ಬು ನುರಿಸುವ ಹಂಗಾಮು. ಚಿಮಣಿಯ ಮಸಿ ಹಾರಿ ಬಂದು ಮನೆ ಮುಂದಿನ ಹುಲ್ಲುಹಾಸಿನ ಮೇಲೆಲ್ಲ ಕೂರುತ್ತಿತ್ತು. ನನಗೋ ಸ್ವಚ್ಛತೆಯ ಹುಚ್ಚು. ದಿನಾ ನೀರು ಹೊಡೆದು ತೊಳೆಯಿರಿ ಅಂತ ನಾನು. ಕಾಕಾ ಉದ್ದನೆಯ ಬಿದಿರು ಕೋಲಿನಿಂದ ಹುಲ್ಲನ್ನು ಮೆಲ್ಲಗೆ ಸವರಿ ಮಸಿ ಉದುರಿಸುತ್ತಿದ್ದರು, ಅಷ್ಟೇ.

"ಅಕ್ಕಾರ, ಥಂಡ್ಯಾಗ ಗಿಡಾ ಮಲಗಿರತಾವ್ರಿ. ಮಲಗಿದವರ ಬಾಯಾಗ ಯಾರರ ನೀರ ಹಾಕ್ತಾರೇನ್ರಿ?"

ನೆಪಕ್ಕೇನು ಬರ ಅಂದುಕೊಂಡೆ. ಒಂದು ದಿನ ಸಾಂಗಲಿಯಿಂದ ಬೀಗರು ಬಂದಿದ್ದರು. ಅಂಗಳ ನೋಡಿದರೆ ಕರ್ರಗೆ. ನನ್ನ ಸಿಟ್ಟು ನೆತ್ತಿಗೇರಿತು. "ನಿಮ್ಮ ಮೈಗಳ್ಳತನಾ ಸಾಕ್ರಿ ಕಾಕಾ!" ಎಂದು ಬೀಗರ ಮುಂದೆಯೇ ಅಂದುಬಿಟ್ಟೆ. ಸಾಲದ್ದಕ್ಕೆ ಕಾರ್ಖಾನೆಯಲ್ಲಿ ಸಾಹೇಬರಾಗಿದ್ದ ನಮ್ಮವರಿಗೆ ಹೇಳಿ, ಕಾಕಾ ಅವರನ್ನು ಕಬ್ಬಿನ ಗಾಡಿಗಳು ನಿಲ್ಲುವ ಯಾರ್ಡಿಗೆ ಹಾಕಿಸಿದೆ. ಆಯುಷ್ಯವೆಲ್ಲ ಗಿಡ ನೋಡಿದ ಮನುಷ್ಯ ಧೂಳಿನಲ್ಲಿ ಟ್ರ್ಯಾಕ್ಟರುಗಳನ್ನು ಸಾಲು ಹಚ್ಚಿಸುತ್ತ ನಿಂತರು.

ನಾನು ದಿನಾ ಪೈಪು ಹಿಡಿದೆ. ಹದಿನೈದು ದಿನ ಅಂಗಳ ಫಳಫಳ ಹೊಳೆಯಿತು. ಆಮೇಲೆ ಹುಲ್ಲು ಹಳದಿಯಾಯಿತು, ಬುಡಕ್ಕೆ ಬೂಷ್ಟು ಹಿಡಿಯಿತು, ಗುಲಾಬಿಯ ಬೇರು ಕೊಳೆತು ಹೋಯಿತು.

ಸುದ್ದಿ ತಿಳಿದು, ವಾರದ ರಜೆಯ ದಿನ ಕಾಕಾ ತಾವಾಗಿಯೇ ಬಂದರು. ಈಗ ಚುಚ್ಚಿ ಮಾತಾಡುತ್ತಾರೆಂದು ನಾನು ಬಾಗಿಲಲ್ಲೇ ನಿಂತೆ. ಅವರು ಕೆಮ್ಮುತ್ತ ಕೂತು ಮಣ್ಣು ಸಡಿಲಿಸಿದರು.

"ಎಂಟ ದಿವಸ ಪೈಪ್ ಮುಟ್ಟಬ್ಯಾಡ್ರಿ ಅಕ್ಕಾರ. ಹುಲ್ಲು ಸುಮ್ನ ಸಾಯೂದಿಲ್ರಿ, ಚಿಗರತೈತಿ."

ತಪ್ಪಾಯಿತು ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಹಂಗಾಮು ಮುಗಿಯಲಿ, ಮತ್ತೆ ತೋಟದ ಕೆಲಸಕ್ಕೆ ಕರೆಸಿದರಾಯಿತು ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಸಾಹೇಬರ ಹೆಂಡತಿಯೆಂಬ ಸೊಕ್ಕು ಅಡ್ಡ ಬಂದಿತ್ತು.

ಹುಲ್ಲು ಚಿಗುರಿತು. ಹಂಗಾಮು ಮುಗಿಯುವುದರೊಳಗೆ ಕಾಕಾ ತೀರಿಕೊಂಡರು. ಎದೆಯ ಬೇನೆ ಹಳೆಯದಿತ್ತು ಅಂದರು ಯಾರೋ. ನನಗೆ ಮಾತ್ರ ಆ ಯಾರ್ಡಿನ ಧೂಳೇ ಕಣ್ಣಿಗೆ ಕಟ್ಟಿತು.

ದುಃಖದಲ್ಲಿದ್ದವರನ್ನು ಮಾತಾಡಿಸಲು ಜುಗೂಳ ಹಳ್ಳಿಯ ಅವರ ಮನೆಗೆ ಹೋದೆ. ಎಲ್ಲ ಹೇಳಿ ಕಾಲು ಹಿಡಿಯಬೇಕೆಂದೇ ಹೋಗಿದ್ದೆ. ಅವರ ಹೆಂಡತಿ ಚಾಪೆ ಹಾಸಿ, ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತರು.

"ನಿಮ್ಮ ಹೆಸರ ಭಾಳ ತಗೀತಿದ್ರರಿ ಅಕ್ಕಾರ. 'ಬಗ್ಗಿ ಕೆಲಸಾ ಮಾಡಾಕ ಆಗವಲ್ದು, ಯಾರ್ಡಿಗೆ ಹಾಕ್ಸರಿ ಅಂತ ನಾನೇ ಅಕ್ಕಾರಿಗೆ ಕೈ ಮುಗದೆ, ಪಾಪ, ಹಾಕಿಸಿ ಕೊಟ್ರು' ಅಂತಿದ್ರು. ಹೌದಲ್ರಿ?"

"ಹೌದ್ರಿ," ಅಂದೆ.