ಅಳಿಸಿಹಾಕಿದ ಲೈಸೆನ್ಸ್

ಮುಂಬೈಯ ಕಾಂದಿವಲಿಯಲ್ಲಿರುವ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿ ಕೂತು ಹನ್ನೊಂದು ವರ್ಷ ನಾನು ಒಂದೇ ಸಾಫ್ಟ್‌ವೇರ್ ಬರೆದೆ. ರಕ್ತ ಪರೀಕ್ಷೆಯ ಲ್ಯಾಬುಗಳು ರಿಪೋರ್ಟ್ ಕೊಡುವುದಕ್ಕೆ ಅದನ್ನು ಕೊಳ್ಳುತ್ತಿದ್ದವು. ಮಾಲೀಕರು ಬೆಳಗಾವಿಯವರು, ನಾನು ಧಾರವಾಡದವನು. ನಾನು ಅವರಿಗೆ ಅಣ್ಣ ಎನ್ನುತ್ತಿದ್ದೆ, ಅವರು ನನಗೆ ತಮ್ಮ ಎನ್ನುತ್ತಿದ್ದರು. ಆ ಸಲಿಗೆಯನ್ನೇ ನಂಬಿ ಅಪಾಯಿಂಟ್‌ಮೆಂಟ್ ಲೆಟರ್ ಕೂಡ ಕೇಳದ ದಡ್ಡ ನಾನು.

ರಿಪೋರ್ಟುಗಳನ್ನು ಕೂಡಿಡುವ ಡೇಟಾಬೇಸನ್ನು ನಾವು ಬರೆದಿರಲಿಲ್ಲ. ಯಾವ್ಯಾವುದೋ ದೇಶದ ಜನ ಸೇರಿ ಬರೆದು, ಕೋಡ್ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಶರತ್ತು ಇತ್ತು: ನಮ್ಮ ಹೆಸರು, ಲೈಸೆನ್ಸ್ ಜೊತೆಗಿರಲಿ, ನಿಮ್ಮ ಸಾಫ್ಟ್‌ವೇರಿನೊಳಗೆ ಸೇರಿಸಿ ಮಾರುವುದಾದರೆ ನಿಮ್ಮ ಕೋಡನ್ನೂ ತೆರೆದುಕೊಡಿ, ಇಲ್ಲವೇ ನಮ್ಮಿಂದ ಬೇರೆ ಲೈಸೆನ್ಸ್ ಕೊಂಡುಕೊಳ್ಳಿ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಪೂರ್ತಿ ಓದಿದ್ದೆ. ನ್ಯಾಯದ ಮಾತು ಅನ್ನಿಸಿತ್ತು.

ಖಂಡೇನವಮಿಯ ಆಯುಧಪೂಜೆಗೆ ಹೊಸ ಆವೃತ್ತಿ ಹೊರಡಿಸುವುದು ನಮ್ಮ ಪದ್ಧತಿ. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಮೊದಲ ಪರದೆಯಲ್ಲಿ ಬರುವ ಗಣಪತಿಯ ಫೋಟೋಗೆ ಎಲ್ಲರೂ ಕೈಮುಗಿಯುತ್ತಿದ್ದೆವು. ಆ ಡೇಟಾಬೇಸ್ ಸೇರಿಸಿದ ವರ್ಷ ಫೋಟೋದ ಕೆಳಗೆ ನಾನು ಅದರ ಲೈಸೆನ್ಸ್, ಬರೆದವರ ಹೆಸರು ಹಾಕಿದ್ದೆ.

“ತಮ್ಮಾ, ದೇವರ ಕಾಲಾಗ ಇದೇನಿದು, ಯಾರ್ಯಾರದೋ ಹೆಸರು? ತಗದ ಹಾಕು.”

“ಅಣ್ಣಾರ, ಅದು ಲೈಸೆನ್ಸ್ ಐತ್ರಿ. ತಗದ್ರ ತಪ್ಪಾಕ್ಕೈತ್ರಿ.”

“ಹಂಗಾದ್ರ ನಮ್ಮ ಕೋಡ್ ಊರಿಗೆಲ್ಲ ಹಂಚೂದೇನು? ಅದನ್ನ ಓದಿದಾಂವ ನೀ ಒಬ್ಬನ. ಸುಮ್ನಿರು.”

ಸುಮ್ಮನಿದ್ದೆ. ಬರೀ ಸುಮ್ಮನಿದ್ದೆನೇ? ಕೈಯಾರೆ ಅಳಿಸಿ, ಗಣಪತಿಯನ್ನು ಇನ್ನಷ್ಟು ದೊಡ್ಡದು ಮಾಡಿದೆ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅನ್ನುತ್ತಾರೆ. ನಾವು ದಾನ ಕೊಟ್ಟವರನ್ನೇ ಮರೆಸಿ, ಹಸು ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ್ದು ಅಂದೆವು.

ಕಳೆದ ವರ್ಷ ಮುಂಬೈಯ ಫೋರ್ಟ್ ಪ್ರದೇಶದ ದೊಡ್ಡ ಕಂಪನಿಯೊಂದು ನಮ್ಮ ಸಾಫ್ಟ್‌ವೇರನ್ನು ಇಡಿಯಾಗಿ ಕೊಳ್ಳಲು ಬಂತು. ಕೆಲಸದವರನ್ನೂ ಇಟ್ಟುಕೊಳ್ಳುತ್ತೇವೆ ಎಂದಿತು. ನಲವತ್ತೆಂಟರ ನನಗೆ ಬೇರೆ ಕಡೆ ಯಾರು ಕೆಲಸ ಕೊಡುತ್ತಾರೆ? ವ್ಯವಹಾರ ಕುದುರಿದರೆ ಉಳಿದೆ ಅಂದುಕೊಂಡೆ. ಆದರೆ ಅವರ ವಕೀಲೆ ನಮ್ಮ ಕೋಡನ್ನು ಜಾಲಾಡಿಸಿ ಡೇಟಾಬೇಸನ್ನು ಪತ್ತೆಹಚ್ಚಿದ್ದರು.

“ಇಸ್ಕಾ ಲೈಸೆನ್ಸ್ ಕಿಸ್ನೇ ಹಟಾಯಾ?” ಇದರ ಲೈಸೆನ್ಸ್ ತೆಗೆದದ್ದು ಯಾರು ಎಂದು ವಕೀಲೆ ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಅಣ್ಣ ನನ್ನ ಕಡೆ ವಾಲಿ, ಅವರಿಗೆ ತಿಳಿಯದ ಕನ್ನಡದಲ್ಲಿ ಮೆಲ್ಲಗೆ ಹೇಳಿದರು.

“ತಪ್ಪು ನಿಂದ ಅಂತ ಬರ್ಕೊಡು ತಮ್ಮಾ. ನಾ ತಗಸೇನಿ ಅಂತ ಗೊತ್ತಾದ್ರ ವ್ಯವಹಾರ ಮುರದ ಹೋಗ್ತೈತಿ. ನಿನ್ನ ಕೆಲಸ ಎಲ್ಲೂ ಹೋಗೂದಿಲ್ಲ, ನಾ ಅದೀನಿ.”

ಮಾಲೀಕರಿಗೆ ತಿಳಿಸದೆ ನಾನೇ ತೆಗೆದೆ ಎಂದು ಬರೆದು ಸಹಿ ಹಾಕಿದೆ.

ವ್ಯವಹಾರ ಕುದುರಿತು. ಮೂರು ತಿಂಗಳು ಕೂತು ಆ ಡೇಟಾಬೇಸನ್ನು ಕಿತ್ತು, ಶರತ್ತು ಸಡಿಲವಿರುವ ಇನ್ನೊಂದನ್ನು ನಾನೇ ಜೋಡಿಸಿಕೊಟ್ಟೆ. ಅದು ಮುಗಿದ ವಾರವೇ ಹೊಸ ಕಂಪನಿ ಉಳಿದ ನಾಲ್ವರು ಕೆಲಸದವರನ್ನು ಸೇರಿಸಿಕೊಂಡಿತು. ಲೈಸೆನ್ಸ್ ಅಳಿಸಿದವನು ಬೇಡ ಎಂದಿತು.

ಅಣ್ಣನ ಮನೆಗೆ ಹೋದೆ. ಚಹಾ ಕೊಟ್ಟರು.

“ನೀವ ಅಳಸು ಅಂದಿದ್ರಿ ಅಣ್ಣಾರ. ನೀವ ಬರ್ಕೊಡು ಅಂದ್ರಿ.”

“ಅಂದೇನಿ, ಇಲ್ಲ ಅನ್ನೂದಿಲ್ಲ. ಆದ್ರ ಆ ಲೈಸೆನ್ಸ್ ನಾ ಎಲ್ಲಿ ಓದೇನಿ? ತಪ್ಪು ಅಂತ ಗೊತ್ತಿದ್ದಾಂವ ನೀನ ಅಲ್ಲೇನು, ತಮ್ಮಾ?”